ಕಾಂಗಾ ನುಡಿಸಿದವರು

ಕಳೆದ ವರ್ಷ ನವೆಂಬರ್ ತಿಂಗಳ ಮೊದಲ ಶುಕ್ರವಾರ, ಮೊಳಕಾಲ್ಮೂರಿನ ತಮಟೆ ಕಲಾವಿದರೊಬ್ಬರು ಚಳ್ಳಕೆರೆಯ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಕಾಂಗಾ ನುಡಿಸಿದರು. ಆ ಹಾಡು ಬಿಡುಗಡೆಯಾಗಿದೆ. ವಾದ್ಯಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪಟ್ಟಿ ಬರೆದು ಕಳಿಸಿದವನು ನಾನು.

ಹಾಡು ಬೆಂಗಳೂರಿನ ಸಂಗೀತ ನಿರ್ದೇಶಕರೊಬ್ಬರದು. ಕ್ಯೂಬಾ ಕಡೆಯ ತಾಳ ಬೇಕು ಎಂದಿದ್ದರು. ಅದರ ಬೆನ್ನೆಲುಬು ಐದು ಏಟು: ಮೊದಲ ಸುತ್ತಿನಲ್ಲಿ ಮೂರು, ಮುಂದಿನದರಲ್ಲಿ ಎರಡು. ಎರಡು ಮರದ ಕೋಲು ಬಡಿದು ಅದನ್ನು ಹಿಡಿಯುತ್ತಾರೆ. ಉಳಿದ ವಾದ್ಯಗಳು ಅದಕ್ಕೆ ಒರಗಿಕೊಂಡು ಸಾಗಬೇಕು. ಕಂಪ್ಯೂಟರಿನ ಪರದೆಯಲ್ಲಿ ಕಾಲವನ್ನು ಸಮ ಚೌಕಗಳಾಗಿ ಹಂಚಿರುತ್ತದೆ; ನಾನು ಪ್ರತಿ ಏಟನ್ನೂ ಅದರದರ ಚೌಕದಲ್ಲಿ ಕೂರಿಸಿ ಕಳಿಸಿದೆ. ನಿರ್ದೇಶಕರು ಫೋನ್ ಮಾಡಿದರು.

"ಲೆಕ್ಕ ಸರಿ ಇದೆ ಸರ್. ಆದ್ರೆ ಹೊಲಿಗೆ ಮೆಷಿನ್ ಓಡ್ತಿರೋ ಹಾಗಿದೆ. ಯಾರಾದ್ರೂ ಕೈಯಲ್ಲಿ ನುಡಿಸಿದ್ದು ಬೇಕು."

ಕಾಂಗಾ ಎಂದರೆ ಸೊಂಟದೆತ್ತರದ, ಪೀಪಾಯಿಯಂಥ ಚರ್ಮವಾದ್ಯ. ಮುಚ್ಚಿಹೋದ ಆರ್ಕೆಸ್ಟ್ರಾ ಒಂದರಿಂದ ಕೊಂಡ ಜೋಡಿ ನನ್ನಲ್ಲಿತ್ತು, ನುಡಿಸುವವರು ಇರಲಿಲ್ಲ. ಮೊಳಕಾಲ್ಮೂರಿನ ಆ ಹಿರಿಯರನ್ನು ಕರೆಸಿದೆ. ಅರವತ್ತು ದಾಟಿದವರು. ದಿನವೂ ಕೂಲಿ, ಕರೆ ಬಂದಾಗ ತಮಟೆ. ಬಂದವರೇ ಜೇಬಿನಿಂದ ಮಡಚಿದ ಅರ್ಜಿ ತೆಗೆದರು. ಕಲಾವಿದರ ಗುರುತಿನ ಚೀಟಿಗೆಂದು ಎರಡು ಸಲ ಹಾಕಿದ್ದರು, ಎರಡು ಸಲವೂ ವಾಪಸ್ಸಾಗಿತ್ತು. ನುಡಿಸಿದ್ದಕ್ಕೆ ಅಚ್ಚಾದ ದಾಖಲೆ ಇರಲಿಲ್ಲ.

"ಮೂವತ್ತು ವರ್ಸ ಬಡ್ದೀನ್ರಿ, ಒಂದು ಕಾಗ್ದ ಇಲ್ಲ. ಹಾಡ್ನಾಗೆ ನನ್ನೆಸ್ರು ಬತ್ತೈತಾ?"

"ಬರುತ್ತೆ," ಎಂದೆ.

ಮೊದಲು ಬಿಡಿ ಏಟುಗಳನ್ನು ಹಿಡಿದಿಟ್ಟುಕೊಳ್ಳುವುದು ನಮ್ಮ ಕೆಲಸದ ಕ್ರಮ. ಒಂದು ಏಟು, ಅದರ ನಾದ ಪೂರ್ತಿ ಅಡಗುವ ತನಕ ಮೌನ, ಮತ್ತೊಂದು ಏಟು. ಆಮೇಲೆ ಬೇಕಾದ ಹಾಗೆ ಜೋಡಿಸಬಹುದು. ನನ್ನ ಗೋಡೆಗಳು ಕಾಂಗಾದ ಸದ್ದನ್ನು ತಡೆಯುವಂಥವಲ್ಲ. ಏಳೆಂಟು ಏಟು ಆಗುವಷ್ಟರಲ್ಲಿ ಕೆಳಗಿನ ಗ್ಯಾರೇಜಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ.

"ಕ್ಯಾ ಭಾಯ್, ಮ್ಯಾಲೆ ಯಾರ್ದು ಮೌತ್ ಆಯ್ತು? ಗಿರಾಕಿ ಚಪ್ಪಲಿ ಬಿಟ್ಟು ನಿಂತವ್ನೆ."

ಹಿರಿಯರು ಕೈ ತೆಗೆದರು. "ನಾನೂ ಅದ್ನೇ ಹೇಳ್ಬೇಕು ಅಂತಿದ್ದೆ. ಹಿಂಗೆ ಬಿಟ್ಟು ಬಿಟ್ಟು ಒಂದೊಂದೇ ಹಾಕೋದು ಸಾವಿನ ಮನೆ ಮುಂದೆ ರೀ. ನೀವು ಕೇಳಿದ್ರಿ ಅಂತ ಹಾಕ್ದೆ. ಇನ್ನು ಆಗಲ್ಲ."

"ನನ್ ಗ್ಯಾರೇಜ್ ಮುಚ್ಚಿಸ್ಬ್ಯಾಡ ತಾತ," ಎಂದು ಮೆಕ್ಯಾನಿಕ್ ಇಳಿದುಹೋದ.

ಬಿಡಿ ಏಟು ಕೈಬಿಟ್ಟೆ. ಕೋಲಿನ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದೆ. ಮೊದಮೊದಲು ಅವರು ಖಾಲಿ ಜಾಗವನ್ನೆಲ್ಲ ತಮಟೆಯ ಅಭ್ಯಾಸದಂತೆ ತುಂಬಿದರು. ಬಿಡಬೇಕು ಎಂದೆ. "ಮೂಡು... ರೆಂಡು..." ಎಂದು ತೆಲುಗಿನಲ್ಲಿ ಗೊಣಗಿಕೊಳ್ಳುತ್ತ ಬಿಟ್ಟರು. ಅರ್ಧ ಗಂಟೆಯ ನಂತರ ತಾಳ ಕೂತಿತು. ಪ್ರತಿ ಸುತ್ತಿನ ಕೊನೆಯ ಎರಡು ತೆರೆದ ಏಟು, ಅಂದರೆ ಚರ್ಮವನ್ನು ಅದುಮದೆ ನಾದ ಬಿಟ್ಟವು, ಚೌಕಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿದ್ದವು, ಪ್ರತಿ ಸಲವೂ ಅಷ್ಟೇ ತಡ. ನಿರ್ದೇಶಕರ ಫೋನ್ ಬಂದ ಮೇಲೆ ನಾನು ಮೂರು ದಿನ ಮೌಸ್ ಹಿಡಿದು ಹುಡುಕಿದ್ದು ಅದನ್ನೇ. ಒಂದನ್ನೂ ತಿದ್ದದೆ ಕಳಿಸಿದೆ.

ನಿರ್ದೇಶಕರು ಒಪ್ಪಿದರು. ವಾದ್ಯಗಾರರ ಪಟ್ಟಿ ಕೇಳಿದರು. ಹೆಸರಿರುವ ಪ್ರತಿಯೊಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ ಮರುದಿನ ಸಂಜೆಯೊಳಗೆ ಸೇರಬೇಕಿತ್ತು. ಮೊಳಕಾಲ್ಮೂರಿಗೆ ಹೋಗಿಬರಲು ಅರ್ಧ ದಿನ ಸಾಕು. ಬೈಕ್ ಇತ್ತು, ಪೆಟ್ರೋಲ್ ಇತ್ತು. ಹೋಗಲಿಲ್ಲ. ಕಾಂಗಾ ಎಂಬುದರ ಮುಂದೆ 'ಕಂಪ್ಯೂಟರ್ ಪ್ರೋಗ್ರಾಮಿಂಗ್' ಎಂದು ಟೈಪ್ ಮಾಡಿ, ನನ್ನ ಹೆಸರು ಹಾಕಿ, ಸಹಿ ಮಾಡಿದೆ. ಅವರದನ್ನು ಆಮೇಲೆ ಸೇರಿಸಿದರಾಯಿತು ಅಂದುಕೊಂಡೆ.

ಹಾಡು ಬಂದ ವಾರ ಹಿರಿಯರು ಫೋನ್ ಮಾಡಿದರು.

"ಮೊಮ್ಮಗಳು ಮೂರು ಸಲ ಓದಿದ್ಲು. ನಿಮ್ಮೆಸ್ರು ಐತಂತೆ. ನಂದು ಎಲ್ಲೈತ್ರಿ?"

"ಸರಿ ಮಾಡಿಸ್ತೀನಿ."

"ಯಾವಾಗ?"

ನಿರ್ದೇಶಕರನ್ನು ಕೇಳಿದೆ. "ಕಂಪ್ಯೂಟರ್ ಅಂತ ಸಹಿ ಹಾಕಿ ಕೊಟ್ಟವರು ನೀವೇ ಅಲ್ವಾ ಸರ್? ಈಗ ಮನುಷ್ಯ ಅಂದ್ರೆ ನಾನು ಯಾರಿಗೆ ಏನು ಹೇಳ್ಲಿ?" ಎಂದರು. ಅದಾದ ಮೇಲೆ ನನ್ನ ಫೋನ್ ಎತ್ತಲಿಲ್ಲ.

ಕಾಂಗಾ ನುಡಿಸಿದವರು ಇವರೇ ಎಂದು ನನ್ನ ಸ್ಟುಡಿಯೋದ ಹಾಳೆಯಲ್ಲಿ ಪತ್ರ ಬರೆದು, ಮುದ್ರೆ ಒತ್ತಿ, ಮೊಳಕಾಲ್ಮೂರಿಗೆ ಹೋಗಿ ಕೊಟ್ಟುಬಂದೆ. ಆ ಸಲ ಬೈಕಿನಲ್ಲೇ ಹೋದೆ. ಅವರು ಪತ್ರವನ್ನು ಅರ್ಜಿಯೊಳಗೆ ಇಟ್ಟುಕೊಂಡರು. ಕೂರಿ ಎನ್ನಲಿಲ್ಲ.

ಅರ್ಜಿ ಕಳೆದ ತಿಂಗಳು ಮೂರನೇ ಸಲ ವಾಪಸ್ಸಾಯಿತು. ಅಚ್ಚಾದ ಪಟ್ಟಿಗೂ ಲಗತ್ತಿಸಿದ ಪತ್ರಕ್ಕೂ ಹೊಂದಿಕೆಯಾಗುವುದಿಲ್ಲ ಎಂದು ಅದರ ಮೇಲೆ ಬರೆದಿದೆ.