ನನ್ನ ಹಲ್ಲು, ಫಕ್ಕೀರವ್ವನ ಬಾಯಿ

ಆಗ ನನಗೆ ಅರವತ್ತೊಂಬತ್ತು. ಇದು ನಡೆದು ನಾಲ್ಕು ವರ್ಷವಾಯಿತು. ಫಕ್ಕೀರವ್ವ ನನಗಿಂತ ಸ್ವಲ್ಪ ಚಿಕ್ಕವಳು. ಆದರೆ ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಕ್ಕರೆ ಬಾಯಿ ಪೂರಾ ತೆರೆದು ನಗುವಳು. ಕೈ ಅಡ್ಡ ಹಿಡಿಯಬೇಕು ಅಂತ ಅವಳಿಗೆ ಅನಿಸುತ್ತಲೇ ಇರಲಿಲ್ಲ. ಒಸಡು, ನಾಲಿಗೆ, ಎಲೆ ಅಡಿಕೆಯ ಕೆಂಪು ಎಲ್ಲ ಕಾಣುತ್ತಿತ್ತು. ಅದನ್ನು ನೋಡಲಿಕ್ಕೆಂದೇ ಓಣಿಯ ಮಕ್ಕಳು ಅವಳನ್ನು ನಗಿಸುತ್ತಿದ್ದವು.

ಅವಳ ತವರು ಹುಲಗೂರು. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಉಳಿದವಳು. ಅದಕ್ಕೇ ಆ ಹೆಸರು. ಹಾನಗಲ್ಲಿಗೆ ಸೊಸೆಯಾಗಿ ಬಂದು ನಮ್ಮ ಓಣಿಯಲ್ಲೇ ಬಾಳಿದಳು. ಎಲೆ ಮಾತ್ರ ಸವಣೂರಿನದೇ ಆಗಬೇಕು. ಹಲ್ಲು ಹೋದ ಮೇಲೆ ಒಂದು ಹಿತ್ತಾಳೆ ಕುಟ್ಟಾಣಿ ಇಟ್ಟುಕೊಂಡಿದ್ದಳು. ಎಲೆ, ಅಡಿಕೆ, ಸುಣ್ಣ ಹಾಕಿ ಟಕಟಕ ಕುಟ್ಟಿ ಬಾಯಿಗೆ ಒಗೆದುಕೊಳ್ಳುವಳು. ಆ ಸಪ್ಪಳ ಕೇಳಿದರೆ ಫಕ್ಕೀರವ್ವ ಕಟ್ಟೆಗೆ ಕೂತಿದ್ದಾಳೆ ಅಂತ ಓಣಿಗೆಲ್ಲ ತಿಳಿಯುತ್ತಿತ್ತು.

ನಾವಿಬ್ಬರೂ ಮದುವೆ ಮನೆಗಳಲ್ಲಿ ಸೋಬಾನ ಹಾಡುತ್ತಿದ್ದೆವು. ಅರಿಷಿಣ ಹಚ್ಚುವಾಗ, ಸುರಗಿಯ ನೂಲು ಸುತ್ತುವಾಗ, ಆರತಿ ಎತ್ತುವಾಗ. ಶಿಗ್ಗಾವಿ, ಸವಣೂರು, ಹಿರೇಕೆರೂರು, ಕರೆದ ಕಡೆಗೆ ಬಸ್ಸು ಹತ್ತಿ ಹೋಗುವುದು. ನಾನು ಮುಂದೆ ಹಾಡುವವಳು, ಅವಳು ಹಿಂದೆ. ನಾನು ಒಂದು ಸಾಲು ಎತ್ತಿದರೆ ಅವಳು ಅದೇ ಸಾಲನ್ನು ತಿರುಗಿ ಹೇಳುವಳು. ಅಷ್ಟರಲ್ಲಿ ನಾನು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಸಿಕೊಳ್ಳುತ್ತಿದ್ದೆ. ಮುಂದೆ ಯಾರು, ಹಿಂದೆ ಯಾರು ಅಂತ ನಾವು ಯಾವತ್ತೂ ಮಾತಾಡಿದ್ದಿಲ್ಲ. ಮೊದಲ ದಿನ ನಾನು ಮುಂದೆ ಹೋಗಿ ಕೂತೆ, ಅಷ್ಟೇ. ಹೊಸಿಲು ದಾಟುವಾಗ ಪ್ರತಿ ಸಲ ಅನ್ನುವಳು, "ಮುಂದ ನಡಿ ಪಾರಕ್ಕ, ಹಿಂದ ನಾ ಅದೇನಿ."

ಹಾಡಿ ಹಾಡಿ ಅವಳಿಗೆ ಅದೇ ರೂಢಿಯಾಗಿಬಿಟ್ಟಿತ್ತು. ಬರೀ ಮಾತಿನಲ್ಲೂ ಎದುರಿನವರ ಕೊನೆಯ ಮಾತನ್ನು ತಿರುಗಿ ಹೇಳುವಳು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್, "ಹಿರೇಕೆರೂರ ಬಸ್ ಹೋತು" ಅಂದ.

"ಹೋತಾ, ಹೋತು" ಅಂದಳು.

"ಇನ್ನ ಮಧ್ಯಾಹ್ನಕ್ಕ."

"ಮಧ್ಯಾಹ್ನಕ್ಕ."

"ಏನವ್ವಾ, ನನ್ನ ಅಣಗಸಾಕತ್ತೀಯೇನು?"

"ಅಣಗಸಾಕತ್ತೇನೇನು! ಇಲ್ಲೋ ಯಪ್ಪಾ!" ಅಂದು ಬಾಯಿ ತೆರೆದು ನಕ್ಕಳು. ಸಿಟ್ಟಿಗೆದ್ದವನೂ ನಕ್ಕುಬಿಟ್ಟ.

ನನ್ನ ಹಲ್ಲೂ ಉದುರಿದವು. ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಮೇಲೆ ಕೆಳಗೆ ಎರಡೂ ಸೆಟ್ ಕಟ್ಟಿಸಿದ. ಬೆಳ್ಳಗೆ, ಸಾಲು ಹಿಡಿದ ಹಲ್ಲು. ಆ ಹೊತ್ತಿಗೆ ಎಲ್ಲ ಮದುವೆಗೂ ವಿಡಿಯೋದವರು ಬರತೊಡಗಿದ್ದರು. ಕ್ಯಾಮೆರಾ ಬಂದರೆ ನಾನು ಕುತ್ತಿಗೆ ಉದ್ದ ಮಾಡುತ್ತಿದ್ದೆ. "ನೀನೂ ಕಟ್ಟಿಸ್ಕೋಬೇ" ಅಂದರೆ ಅವಳು ಅಂದದ್ದು ಇದು:

"ನನಗ್ಯಾಕಬೇ? ಅಂಗಡ್ಯಾಗಿನ ಹಲ್ಲು ಬಾಯಾಗ ಇಟಗೊಂಡು ಅದನ್ನ ಕಾಯ್ಕೊಂತ ಕುಂದ್ರೂದು ಯಾರು? ನನ್ನ ಒಸಡಿಗೆ ರೊಟ್ಟಿ ಗೊತ್ತೈತಿ, ರೊಟ್ಟಿಗೆ ಒಸಡ ಗೊತ್ತೈತಿ."

ಹಲ್ಲಿಲ್ಲದೆಯೂ ಅವಳ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಅದು ಹೇಗೆ ಅಂತ ನಾನು ಕೇಳಲಿಲ್ಲ.

ಆ ವರ್ಷ ಪಂಚಮಿಯ ಶೇಂಗಾ ಉಂಡಿ ಕಡಿಯುವಾಗ ನನ್ನ ಮೇಲಿನ ಸೆಟ್ ನಡುವೆ ಸೀಳಿತು. ಮಗನಿಗೆ ಹೇಳಿದರೆ ಬೈಯುತ್ತಾನೆ. ಎರಡು ಎಮ್ಮೆ ಬಿಟ್ಟು ಹುಬ್ಬಳ್ಳಿಗೆ ಹೋಗಲಿಕ್ಕೂ ಆಗುವುದಿಲ್ಲ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿಸಿದೆ. ಎರಡೂ ಸೆಟ್ ಕೊರಿಯರ್ ಮಾಡಿರಿ, ರಿಪೇರಿ ಮಾಡಿ ಕಳಿಸುತ್ತೇವೆ ಅಂದರು. ಚಟ್ನಿ ಡಬ್ಬಿ ತೊಳೆದು, ಅದರೊಳಗೆ ಅರಿವೆ ಸುತ್ತಿ ಹಲ್ಲು ಇಟ್ಟು, ಬಸ್ ಸ್ಟ್ಯಾಂಡಿನ ಹತ್ತಿರದ ಕೊರಿಯರ್ ಆಫೀಸಿಗೆ ಒಯ್ದೆ.

"ಒಳಗ ಏನೈತ್ರಿ?" ಅಂತ ಮ್ಯಾನೇಜರ್ ಕೇಳಿದ. ನನ್ನ ಹಿಂದೆ ಮಂದಿ ನಿಂತಿದ್ದರು. ಅವರಲ್ಲಿ ನಮ್ಮ ಬೀಗರ ಪೈಕಿಯವನೂ ಒಬ್ಬ ಇದ್ದ. ಬಾಯಿಗೆ ಸೆರಗು ಹಿಡಿದು, "ಅಗಸಿ ಚಟ್ನಿ" ಅಂದೆ. ಅವನು ಹಾಗೇ ಬರೆದು ರಸೀದಿ ಕೊಟ್ಟ.

ಪಾರ್ಸಲ್ ಹುಬ್ಬಳ್ಳಿ ಮುಟ್ಟಲಿಲ್ಲ. ಡಾಕ್ಟರು ಬಂದಿಲ್ಲ ಅಂದರು. ಕೊರಿಯರಿನವರು ಹುಡುಕುತ್ತೇವೆ, ಹುಡುಕುತ್ತೇವೆ ಅಂದು ಕೊನೆಗೆ ಕಳೆದಿದೆ ಅಂದರು. ನಾನು ಡೇರಿಗೆ ಹಾಲು ಹಾಕಲಿಕ್ಕೆ ಹೋಗುವಾಗಲೂ ಬಾಯಿಗೆ ಸೆರಗು. ಮಾತಾಡಿದರೆ ಗಾಳಿ ಸೋರುತ್ತಿತ್ತು. ಅಬಲೂರಿನ ಒಂದು ಮದುವೆಗೆ ಒಪ್ಪಿಕೊಂಡಾಗಿತ್ತು. ಅದರ ಹಿಂದಿನ ದಿನ ಫಕ್ಕೀರವ್ವ ಬಂದು, "ಹಲ್ಲು ಕಳದವರು ಅವರು, ಮಾರಿ ಮುಚ್ಚಿಕೊಂಡಾಕಿ ನೀನು. ಇದ್ಯಾವ ನ್ಯಾಯಬೇ? ನಡಿ, ಪರಿಹಾರ ಕೇಳೂನು" ಅಂತ ಎಬ್ಬಿಸಿದಳು.

"ನನಗ ಮಾತಾಡಾಕ ಬರೂದಿಲ್ಲ" ಅಂದೆ.

"ನೀ ಒಳಗೊಳಗ ಹೇಳು, ನಾ ಹೊರಗ ಹೇಳ್ತೇನಿ. ನನಗೇನು ಹೊಸಾದ?"

ಆಫೀಸಿನಲ್ಲಿ ಹಾಗೇ ಕೂತೆವು. ನಾನು ಸೆರಗಿನೊಳಗಿಂದ ಅವಳ ಕಿವಿಯಲ್ಲಿ, "ಈ ಹಾಳಾದವನ ಹಲ್ಲೂ ಉದರ್ಲಿ ಅನ್ನು" ಅಂದೆ.

"ಸಾಹೇಬ್ರ, ನಿಮ್ಮ ಮಕ್ಕಳು ಮರಿ ಚಂದಿರಲಿ, ಸ್ವಲ್ಪ ನೋಡ್ರಿ ಅನ್ನಾಕತ್ತಾಳ್ರಿ" ಅಂದಳು ಫಕ್ಕೀರವ್ವ.

"ಕಳ್ಳರ ಅಂಗಡಿ ಇದು ಅನ್ನು."

"ನಿಮ್ಮ ಅಂಗಡಿ ಮ್ಯಾಲ ಭಾಳ ನಂಬಿಗಿ ಇಟ್ಟಿದ್ದೆ ಅಂತಾಳ್ರಿ."

ಜನ್ಮದಲ್ಲಿ ಮೊದಲ ಸಲ ನನ್ನ ಮಾತನ್ನು ಅವಳು ಇದ್ದ ಹಾಗೆ ತಿರುಗಿ ಹೇಳಲಿಲ್ಲ.

ಮ್ಯಾನೇಜರ್ ಒಳ್ಳೆಯವನೇ. ಆದರೆ ರಸೀದಿ ಮುಂದಿಟ್ಟ. "ಯವ್ವಾ, ಇದರಾಗ ಅಗಸಿ ಚಟ್ನಿ ಅಂತೈತಿ. ನೀವು ಹಲ್ಲು ಕೇಳಾಕತ್ತೀರಿ. ಮ್ಯಾಲಿನವರಿಗೆ ನಾ ಏನಂತ ಬರೀಲಿ?"

ಕೂತಿದ್ದ ಮಂದಿ ನಕ್ಕರು. ಫಕ್ಕೀರವ್ವ ನಗಲಿಲ್ಲ. "ಅಷ್ಟ ಮಂದಿ ನಡುವ ಹೆಣ್ಣಮಗಳು ಹಲ್ಲು ಅಂತ ಹೆಂಗ ಹೇಳ್ಬೇಕ್ರಿ? ನಿಮ್ಮ ಅವ್ವ ಆಗಿದ್ರ ಹೇಳ್ತಿದ್ದಳೇನು?"

ಅವನು ತಲೆ ಕೆರೆದುಕೊಂಡು ಹುಬ್ಬಳ್ಳಿ ಡಾಕ್ಟರಿಗೆ ಫೋನ್ ಹಚ್ಚಿದ. ಹೌದು, ಕಳಿಸಲಿಕ್ಕೆ ಹೇಳಿದ್ದೆವು ಅಂತ ಅವರು ಅಂದರು. ಅಷ್ಟು ಸಾಲದು, ಈಕೆಗೆ ಕಟ್ಟಿಸಿದ ಹಲ್ಲು ಇದ್ದವು, ಈಗ ಇಲ್ಲ ಅನ್ನುವುದಕ್ಕೆ ಏನಾದರೂ ತೋರಿಸಿ ಅಂದ ಮ್ಯಾನೇಜರ್. ಬಿಲ್ಲನ್ನು ನಾನು ಯಾವಾಗಲೋ ಒಲೆಗೆ ಹಾಕಿದ್ದೆ.

ಫಕ್ಕೀರವ್ವ ನನ್ನ ಮುಖ ನೋಡಿದಳು. ಆಮೇಲೆ ಎಲೆಯ ಚೀಲದಿಂದ ಫೋನ್ ತೆಗೆದಳು. ಸೊಸೆ ಬಿಟ್ಟ ಹಳೆಯ ಫೋನು ಅದು. "ಇದರಾಗ ಅದಾವ್ರಿ. ಶಿಗ್ಗಾವಿ ಮದುವಿದು" ಅಂದಳು. ಆ ವಿಡಿಯೋ ಅವಳ ಹತ್ತಿರ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಕ್ಷರ ಬಾರದವಳು, ಬೆರಳು ಮಾತ್ರ ಎಲ್ಲೂ ತಡವರಿಸದೆ ನೇರ ಅದಕ್ಕೇ ಹೋಯಿತು.

ಮ್ಯಾನೇಜರ್ ನೋಡಿದ. ಮಂದಿಯೂ ಬಗ್ಗಿ ನೋಡಿದರು. ನಾನು ಮುಂದೆ ಕೂತು ಹಾಡುತ್ತಿದ್ದೆ. ಹಲ್ಲು ಥಳಥಳ ಹೊಳೆಯುತ್ತಿದ್ದವು.

"ಸಾಕ್ರಿ, ಹಲ್ಲು ಕಂಡೂವಲ್ಲಾ" ಅಂತ ಫಕ್ಕೀರವ್ವ ಫೋನಿಗೆ ಕೈ ಚಾಚಿದಳು.

"ತಡೀರಿ ಯವ್ವಾ, ಚಂದ ಹಾಡ್ತೀರಿ. ಇನ್ನ ಸ್ವಲ್ಪ ನೋಡೂನು."

"ಸಾಕ ಕೊಡ್ರಿ" ಅಂದಳು. ಅವನು ಕೊಡಲಿಲ್ಲ.

ನನ್ನ ಸಾಲು ಮುಗಿಯಿತು. ಕ್ಯಾಮೆರಾ ಪಕ್ಕಕ್ಕೆ ತಿರುಗಿತು. ನನ್ನ ಪಕ್ಕಕ್ಕೆ ಕೂತಿದ್ದ ಫಕ್ಕೀರವ್ವ ಬಾಯಿ ಪೂರಾ ತೆರೆದು ಸಾಲನ್ನು ಎತ್ತಿಕೊಂಡಳು. ಅಷ್ಟರಲ್ಲಿ ಒಂದು ಕೈ ಬಂತು. ಹಸಿರು ಬಳೆ, ನಡುವೆ ಬಂಗಾರದ ಪಾಟ್ಲಿ. ಅದು ಅವಳ ಸೆರಗು ಹಿಡಿದೆಳೆದು ಬಾಯಿ ಮುಚ್ಚಿತು. ಅವಳು ಅರಿವೆಯ ಒಳಗಿಂದಲೇ ಹಾಡಿದಳು. ಕೈ ನನ್ನದು. ಮುಖ ಅತ್ತ ತಿರುಗಿಸಿಯೂ ಇರಲಿಲ್ಲ ನಾನು, ಕ್ಯಾಮೆರಾ ನೋಡಿ ನಗುತ್ತಿದ್ದೆ.

"ಇದೇನ್ರಿ ಯವ್ವಾ, ಇವರ ಬಾಯಿ ಯಾಕ ಮುಚ್ಚಿದ್ರಿ?" ಅಂತ ಮ್ಯಾನೇಜರ್ ನನ್ನನ್ನು ಕೇಳಿದ. ಅವನು ತಮಾಷೆಗೇ ಕೇಳಿದ್ದು. ನಾನು ಬಾಯಿಗೆ ಸೆರಗು ಹಿಡಿದು ಕೂತಿದ್ದೆ.

"ನೊಣ ಬಂದಿತ್ತೋ ಯಪ್ಪಾ" ಅಂದಳು ಫಕ್ಕೀರವ್ವ. "ಹಲ್ಲಿಲ್ಲದ ಬಾಯಿ ಅಂದ್ರ ಬಾಗಲಾ ಇಲ್ಲದ ಮನಿ. ನೊಣಕ್ಕೇನು, ಕೇಳದ ಹೊಕ್ಕಾವು. ನಮ್ಮ ಪಾರಕ್ಕ ನೋಡಿ ಬಾಗಲಾ ಹಾಕಿದಳು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವಳೂ ನಕ್ಕಳು. ಎಷ್ಟು ಸಲ ನೋಡಿರಬೇಕು ಆ ವಿಡಿಯೋ, ಆ ಕೈ. ಒಂದು ದಿನವೂ ಕೇಳಿರಲಿಲ್ಲ.

ಮ್ಯಾನೇಜರ್, "ಇದು ಹಲ್ಲು ಇದ್ದಾಗಿಂದಾತು. ಈಗ ಇಲ್ಲ ಅನ್ನಾಕ ಒಂದು ಫೋಟೋ ಬೇಕು. ಸೆರಗು ತಗೀರಿ, ಬಾಯಿ ತಗೀರಿ" ಅಂದ.

ನನ್ನ ಕೈ ಇಳಿಯಲಿಲ್ಲ. ಅಷ್ಟು ಮಂದಿ ನೋಡುತ್ತಿದ್ದರು. ಸೆರಗನ್ನು ಹಲ್ಲಿಲ್ಲದ ಒಸಡಿನಲ್ಲೇ ಕಚ್ಚಿ ಹಿಡಿದಿದ್ದೆ. ಫಕ್ಕೀರವ್ವ ನನ್ನ ಬೆರಳು ಬಿಡಿಸಿ, ಸೆರಗನ್ನು ಮೆಲ್ಲಗೆ ಕೆಳಗೆ ಇಳಿಸಿದಳು. "ನಾನೂ ತಗೀತೇನಿ, ಇಬ್ಬರದೂ ಹೊಡೀರಿ" ಅಂದು ನನ್ನ ಭುಜಕ್ಕೆ ಭುಜ ಹಚ್ಚಿ ಬಾಯಿ ತೆರೆದಳು. ನಾನೂ ತೆರೆದೆ. ಅವನು ಫೋಟೋ ಹೊಡೆದ.

ಮನೆಗೆ ನಡೆದು ಬಂದೆವು. ಕೆರೆಯ ಏರಿಯ ಮೇಲೆ ನಾನು ಏನೋ ಹೇಳಲು ಹೋದೆ. ಹಲ್ಲಿಲ್ಲದ್ದಕ್ಕೋ ಏನೋ, ಮಾತು ಸರಿಯಾಗಿ ಹೊರಗೆ ಬರಲಿಲ್ಲ.

"ಏನಂದಿ? ಕೇಳಲಿಲ್ಲ" ಅಂದಳು.

"ಏನಿಲ್ಲ."

"ಏನಿಲ್ಲ, ಏನಿಲ್ಲ" ಅಂದಳು.

ಮರುದಿನ ಅಬಲೂರಿಗೆ ನಾನು ಹೋಗಲಿಲ್ಲ. ಎಮ್ಮೆ ಈಯುವುದಿದೆ ಅಂದೆ. ಈಯುವುದಿರಲಿಲ್ಲ, ಓಣಿಯಲ್ಲಿದ್ದ ಅವಳಿಗೆ ಅದು ಗೊತ್ತಿತ್ತು. ಅವಳು ಒಬ್ಬಳೇ ಹೋಗಿ ಹಾಡಿ ಬಂದಳು. "ಮುಂದಿಂದೂ ನಾನ ಹೇಳಿದೆ, ಹಿಂದಿಂದೂ ನಾನ ಹೇಳಿದೆ. ಉಸಿರ ಸಾಲಲಿಲ್ಲಬೇ" ಅಂದಳು. ಮಂದಿ ಇವತ್ತಿಗೂ ಆ ಹಾಡಿನ ಸುದ್ದಿ ತೆಗೆಯುತ್ತಾರೆ. ನಾನು ಕೇಳಲಿಲ್ಲ.

ದೀಪಾವಳಿಗೆ ಮೊದಲು ಅವಳಿಗೆ ಜ್ವರ ಬಂತು. ಹಾವೇರಿ ದವಾಖಾನೆಗೆ ಒಯ್ದರು, ಅಲ್ಲಿ ತೀರಿಕೊಂಡಳು. ಮನೆಗೆ ತಂದಾಗ ಗದ್ದಕ್ಕೆ ಬಟ್ಟೆ ಬಿಗಿದು ಬಾಯಿ ಮುಚ್ಚಿದ್ದರು. ಅವಳ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅಂದೇ ಮೊದಲು ಅಂತ ಬರೆಯಹೋಗಿದ್ದೆ. ಅದು ಸುಳ್ಳು.

ಆಮೇಲೆ ಪರಿಹಾರ ಮಂಜೂರಾಯಿತು. ಸಹಿ ಮಾಡಲಿಕ್ಕೆ ಕರೆದರು. "ಆ ನೊಣದ ಅಜ್ಜಿ ಬರಲಿಲ್ಲೇನ್ರಿ?" ಅಂತ ಮ್ಯಾನೇಜರ್ ಕೇಳಿದ.

"ಸತ್ತಳು" ಅಂದೆ.

ಅವನು ಪೆನ್ನು ಕೆಳಗಿಟ್ಟ. ಕಂಪ್ಯೂಟರಿನಲ್ಲಿ ನಮ್ಮಿಬ್ಬರ ಫೋಟೋ ತೆರೆದು ನನ್ನ ಕಡೆ ತಿರುಗಿಸಿದ. ಎರಡು ತೆರೆದ ಬಾಯಿ. ನಾನು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ. ಒಂದು ಪ್ರತಿ ಕೊಡು ಅಂತ ಕೇಳಲಿಕ್ಕೂ ನನಗೆ ಮುಖವಿರಲಿಲ್ಲ. ಸಹಿ ಮಾಡಿ ಎದ್ದು ಬಂದೆ. ಮಗನ ಜೊತೆ ಹುಬ್ಬಳ್ಳಿಗೆ ಹೋಗಿ ಹೊಸ ಹಲ್ಲು ಕಟ್ಟಿಸಿಕೊಂಡೆ.

ತುಳಸಿ ಲಗ್ನ ಕಳೆದ ಮೇಲೆ ಸವಣೂರಿನ ಒಂದು ಮದುವೆಗೆ ಕರೆದರು. ಹೋದೆ, ಮುಂದೆ ಕೂತೆ. ಹಿಂದೆ ಹಾಡಲಿಕ್ಕೆ ಅದೇ ಮನೆಯ ನಾಲ್ಕು ಹೆಂಗಸರು ಕೂತಿದ್ದರು. ಹಲ್ಲು ಒಸಡಿಗೆ ಚೆನ್ನಾಗಿ ಕೂತಿದ್ದವು. ಮೊದಲ ಸಾಲು ಎತ್ತಿ ಮುಗಿಸಿ ಉಸಿರು ತೆಗೆದುಕೊಂಡೆ. ಹೆಂಗಸರು ಎತ್ತಿಕೊಳ್ಳುವುದು ತುಸು ತಡವಾಯಿತು. ಕ್ಯಾಮೆರಾದವನು ಪಕ್ಕಕ್ಕೆ ತಿರುಗಿದ. ಅವನು ತಿರುಗಿದ ಕೂಡಲೇ ನನ್ನ ಬಲಗೈ ತಾನಾಗಿ ಎದ್ದು ಪಕ್ಕಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಎಳೆಯಲಿಕ್ಕೆ ಸೆರಗಿರಲಿಲ್ಲ. ಕೈ ಹಾಗೇ ಗಾಳಿಯಲ್ಲಿ ನಿಂತಿತು, ಬೆರಳು ಮಡಚಿಕೊಂಡು.

"ಏನಾತ್ರಿ ಯಮ್ಮಾ? ಏನರ ಬೇಕಾಗಿತ್ತೇನು?" ಅಂತ ಮದುಮಗಳ ತಾಯಿ ಕೇಳಿದಳು.

ನನಗೆ ಮುಂದಿನ ಸಾಲು ಬರಲಿಲ್ಲ. ನೀರು ಕುಡಿದೆ. ಆಗಲೂ ಬರಲಿಲ್ಲ. ಆ ಹೆಂಗಸರೇ ಬೇರೆ ಹಾಡು ಹಚ್ಚಿಕೊಂಡರು. ಊಟ ಮಾಡದೆ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಎದ್ದು ಎಮ್ಮೆ ಹಿಂಡಿದೆ. ಹಲ್ಲು ಹಾಕಿಕೊಳ್ಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿ, ಬಾಯಿ ಬಿಟ್ಟುಕೊಂಡು ಓಣಿಯ ನಡುವೆಯೇ ಡೇರಿಗೆ ಹೋದೆ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಡೇರಿಯವನು, "ಯಾಕವ್ವಾ, ಹಲ್ಲು ಮತ್ತ ಕಳಕೊಂಡ್ಯೇನು?" ಅಂದ.

"ಇಲ್ಲೋ, ಮನ್ಯಾಗ ಅದಾವು" ಅಂದು ಹಾಲು ಹಾಕಿ ಬಂದೆ.