ಶಾರದೆಯ ಮಚ್ಚೆ ಎಲ್ಲಿ ಹೋಯಿತು?

ಹೋದ ಭಾನುವಾರ ಅರಸೀಕೆರೆಯಲ್ಲಿ ನನ್ನನ್ನು ಸಾಕ್ಷಿ ಹೇಳಲು ಕೂರಿಸಿದರು. ಕೋರ್ಟಿನಲ್ಲಲ್ಲ, ಪಕ್ಕದ ಮನೆಯ ಜಮಖಾನದ ಮೇಲೆ, ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು. ಪ್ರಶ್ನೆ ಒಂದೇ. ಫೋಟೋದಲ್ಲಿರುವ ಹುಡುಗಿಯೂ ಎದುರಿಗೆ ಕೂತಿರುವ ಹುಡುಗಿಯೂ ಒಬ್ಬಳೇ ಹೌದೋ, ಅಲ್ಲವೋ?

ಫೋಟೋ ತೆಗೆದವನು ನಾನು.

ಕ್ರಮವಾಗಿ ಹೇಳುತ್ತೇನೆ. (ಆ ಸಂಜೆಯಿಂದ ಯಾವುದನ್ನೂ ಅವಸರದಲ್ಲಿ ಹೇಳಲು ನನಗೆ ಧೈರ್ಯ ಸಾಲದು.) ಪಕ್ಕದ ಮನೆಯ ಗುಮಾಸ್ತರು ರಾಮಣ್ಣನವರು. ಅವರ ಮಗಳು ಶಾರದೆಗೆ ತುಮಕೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಜಾತಕ ಕೂಡಿತ್ತು. ಒಂದು ಫೋಟೋ ಬೇಕಿತ್ತು.

ಎರಡೂ ಮನೆಯವರು ಬಸ್ಸಿನಲ್ಲಿ ಹಳೇಬೀಡಿಗೆ ಹೋದ ದಿನ ನನ್ನ ಡಬ್ಬಿ ಕ್ಯಾಮೆರಾ ಜೊತೆಗಿತ್ತು. ರೋಲಿಗೆ ಎಂಟು ಚಿತ್ರ. ಏಳನ್ನು ದೇವಸ್ಥಾನದ ಗೋಡೆಗೆ ಕೊಟ್ಟೆ. ಉಳಿದ ಒಂದನ್ನು ಶಾರದೆಗೆ ಕೊಟ್ಟೆ. ಎಷ್ಟು ಉದಾರಿ ನೋಡಿ. ಮುಖ ದೊಡ್ಡದಾಗಿ ಬರಲೆಂದು, ಹತ್ತಿರದಿಂದ ತೆಗೆಯಲು ಬಳಸುವ ಗಾಜನ್ನು ಕ್ಯಾಮೆರಾದ ಮುಂದೆ ಸಿಕ್ಕಿಸಿ, ಅವಳನ್ನು ಬಿಸಿಲಿಗೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಒತ್ತಿದೆ.

ರೋಲನ್ನು ಸ್ಟುಡಿಯೋಗೆ ಕೊಡುವಾಗ ಒಂದು ಮಾತು ಸೇರಿಸಿದೆ. ಮದುವೆ ಫೋಟೋ, ಸ್ವಲ್ಪ ನೋಡಿ ಮಾಡಪ್ಪ ಅಂತ. ಸ್ಟುಡಿಯೋದ ಪುಟ್ಟಣ್ಣ ಅರ್ಥವಾಯಿತು ಎಂಬಂತೆ ತಲೆಯಾಡಿಸಿದ. ಅವನಿಗೆ ಅರ್ಥವಾದದ್ದು ಇಷ್ಟು: ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಕೆನ್ನೆ ಬೆಳ್ಳಗೆ ಮಾಡಿದ. ತುಟಿಯ ಪಕ್ಕದಲ್ಲಿ ಸಾಸಿವೆಯಷ್ಟಿದ್ದ ಮಚ್ಚೆಯನ್ನು ತುಂಬಿ ಅಳಿಸಿದ. ಮೂಗಿಲ್ಲದ, ಕೈಯಿಲ್ಲದ ಶಿಲ್ಪಗಳ ಏಳು ಚಿತ್ರಗಳನ್ನು ಅವನೂ ಮುಟ್ಟಲಿಲ್ಲ, ಮುಟ್ಟು ಎಂದು ನಾನೂ ಹೇಳಲಿಲ್ಲ. ಅವು ಕಲೆಯಲ್ಲವೇ? ರಿಪೇರಿ ಬೇಕಿದ್ದುದು ಕೈಕಾಲು, ಕಣ್ಣುಮೂಗು ನೆಟ್ಟಗಿದ್ದ ಒಬ್ಬಳಿಗೆ ಮಾತ್ರ.

ಫೋಟೋ ನೋಡಿ ರಾಮಣ್ಣನವರು ಬಹಳ ಚೆನ್ನಾಗಿದೆ ಎಂದರು. ಹೆತ್ತ ತಂದೆ! ತುಮಕೂರಿನವರೂ ಒಪ್ಪಿದರು. ಹುಡುಗಿಯನ್ನು ನೋಡಲು ಬಂದರು.

ಹುಡುಗನ ತಂದೆ ಫೋಟೋ ಹೊರತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಶಾರದೆಯನ್ನು ನೋಡಿದರು, ಫೋಟೋ ನೋಡಿದರು. ಮೂರು ಸಲ. ಆಮೇಲೆ, ಇವರ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆಯೇ ಎಂದು ನನ್ನನ್ನು ಕೇಳಿದರು. ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಧಾರೆಯೆರೆಯುವವರ ಕಥೆ ಯಾರು ಕೇಳಿಲ್ಲ? ರಾಮಣ್ಣನವರ ಮುಖ ಸುಣ್ಣದಂತಾಯಿತು.

ಇವಳದೇ ಫೋಟೋ, ನಾನೇ ತೆಗೆದದ್ದು ಎಂದೆ.

"ಹಂಗಾದ್ರೆ ಮಚ್ಚೆ ಎಲ್ಲಿ ಹೋಯ್ತು ಮೇಷ್ಟ್ರೇ?"

ಸ್ಟುಡಿಯೋದಲ್ಲಿ ಹೋಯಿತು ಎಂದೆ. ನಿಜ ಹೇಳುವಾಗ ಸುಳ್ಳುಗಾರನಂತೆ ಕಾಣುವುದು ಹೇಗೆಂದು ಆಗ ತಿಳಿಯಿತು.

ಅವರು ಎಲೆ ಅಡಿಕೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಆ ಜಾಗದಲ್ಲಿ ಮಚ್ಚೆ ಇದ್ರೆ ಮನೆಗೆ ಲಕ್ಷ್ಮಿ ಬಂದ ಹಾಗೆ ಅಂತಾರೆ ನಮ್ಮ ತಾಯಿ. ಸಂತೋಷವಾಗಿ ಕರ್ಕೊಂಡ್ ಹೋಗ್ತಿದ್ವಿ. ಇಷ್ಟನ್ನೇ ಮುಚ್ಚಿಟ್ಟೋರು ಇನ್ನೇನು ಮುಚ್ಚಿಟ್ಟಿದೀರೋ."

ಹೊರಟರು. ಅವರು ಚಪ್ಪಲಿ ಮೆಟ್ಟುವವರೆಗೂ ಶಾರದೆ ಕೂತಲ್ಲಿಂದ ಏಳಲಿಲ್ಲ. ಆಮೇಲೆ ನನ್ನ ತಟ್ಟೆ ತೆಗೆದುಕೊಳ್ಳಲು ಬಂದಳು. ನಾನು ನೆಲ ನೋಡುತ್ತಿದ್ದೆ.

"ಹೋಗ್ಲಿ ಬಿಡಿ ಮೇಷ್ಟ್ರೇ," ಅಂದಳು. "ಅವರು ಒಪ್ಪಿದ್ದು ಆ ಫೋಟೋದವಳನ್ನ. ನನ್ನನ್ನ ಯಾರು ಕೇಳಿದ್ರು?"

ಮೊನ್ನೆ ರಾಮಣ್ಣನವರು ಮತ್ತೆ ಬಂದರು. ಕಡೂರಿನಿಂದ ಒಂದು ವಿಚಾರ ಬಂದಿದೆಯಂತೆ. ಅದೇ ಫೋಟೋದ ಇನ್ನೊಂದು ಪ್ರತಿ ಬೇಕಂತೆ, ಕೆನ್ನೆಯ ಬಿಳುಪು ಹಾಗೇ ಇರಲಂತೆ. ಈ ಸಲ ಮಚ್ಚೆ ಮಾತ್ರ ಇರಬೇಕಂತೆ. ಹೊಸದಾಗಿ ತೆಗೆಯೋಣ ಎಂದೆ. ಪುರುಸೊತ್ತಿಲ್ಲ, ನಾಳೆಯ ಟಪಾಲಿಗೆ ಹೋಗಬೇಕು ಎಂದರು.

ಪುಟ್ಟಣ್ಣ ಚೂರೂ ಬೇಸರಪಡಲಿಲ್ಲ. ಪ್ರತಿ ಹಾಕಿ, ಕರಿ ಮಸಿಯಲ್ಲಿ ಕುಂಚದ ತುದಿ ಅದ್ದಿ ನನ್ನ ಕಡೆ ತಿರುಗಿದ.

"ಯಾವ್ ಕಡೀಕೆ ಸಾ? ಎಡಕ್ಕಾ, ಬಲಕ್ಕಾ?"

ನನಗೆ ಹೊಳೆಯಲಿಲ್ಲ. ನನ್ನ ಕ್ಯಾಮೆರಾದ ನೋಡುವ ಗಾಜಿನಲ್ಲಿ ಎಡವು ಬಲವಾಗಿ ಕಾಣುತ್ತದೆ, ಅದಕ್ಕೇ ಗೊಂದಲ ಎಂದು ಅವನಿಗೊಂದು ಸಬೂಬು ಹೇಳಿದೆ. ಆದರೆ ಆ ಹುಡುಗಿ ಐದು ವರ್ಷದಿಂದ ಇರುವುದು ನಮ್ಮ ಪಕ್ಕದ ಮನೆಯಲ್ಲಿ, ಗಾಜಿನೊಳಗಲ್ಲವಲ್ಲ?