ಮೂರು ತಿಂಗಳ ಬೀಗ

ನಮ್ಮ ಮನೆಯವರಿಗೆ ಜನ ಇಟ್ಟ ಹೆಸರು ಬಗ್ಗಪ್ಪ. ಯಾರ ಮುಂದೂ ತಲೆ ಬಗ್ಗಿಸಿದ ಮನುಷ್ಯನಲ್ಲ, ನೀರಿನ ಮೀಟರು ಓದುವ ಕೆಲಸ ಅವರದು. ಮೀಟರು ಗೇಟಿನ ಪಕ್ಕದ ಸಣ್ಣ ಗುಂಡಿಯಲ್ಲಿರುತ್ತದೆ. ಕೊಕ್ಕೆ ಹಾಕಿ ಮುಚ್ಚಳ ಎತ್ತಬೇಕು, ಮಂಡಿಯೂರಿ ಗಾಜು ಒರೆಸಬೇಕು, ಸಾವಿರ ಲೀಟರಿನ ಲೆಕ್ಕ ತೋರಿಸುವ ಕಪ್ಪು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕೆಂಪು ಅಂಕಿ ಬರೀ ಚಿಲ್ಲರೆ, ಅದನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ ನೂರಿಪ್ಪತ್ತು ಮನೆ ಅಂದರೆ ನೂರಿಪ್ಪತ್ತು ಸಲ ಬಗ್ಗಿ ಏಳುವುದು. ಸಂಜೆ ಬಂದು ಕುರ್ಚಿಯಲ್ಲಿ ಕೂತರೆ ಏಳಿಸಲು ನಾನು ಕೈ ಕೊಡಬೇಕಿತ್ತು. "ಬೀದಿಗೆಲ್ಲ ಬಗ್ಗಿ ಬಗ್ಗಿ ಮನೆಗೆ ಬಂದ್ರೆ ಬಗ್ಗೋದೇ ಇಲ್ಲ ನೀವು" ಎಂದು ರೇಗಿಸುತ್ತಿದ್ದೆ. ಈಗ ರೇಗಿಸುವುದಿಲ್ಲ.

ಮೀಟರು ಬರುವ ಮೊದಲು ಎಲ್ಲ ಮನೆಗೂ ಒಂದೇ ದರವಿತ್ತು. ತಿರುವಿನ ದೊಡ್ಡ ಮನೆಯವರು ಎರಡು ಕಾರು ತೊಳೆದು, ಅಂಗಳದ ಹುಲ್ಲಿಗೆ ಕುಡಿಸಿ, ಮಿಕ್ಕಿದ್ದನ್ನು ರಸ್ತೆಗೆ ಬಿಡುತ್ತಿದ್ದರು. ನಾಲ್ಕು ಬಕೆಟ್ಟು ಬಳಸುವ ನಾವೂ ಅವರಷ್ಟೇ ಕೊಡುತ್ತಿದ್ದೆವು. ಇನ್ನು ಮೇಲೆ ಬಳಸಿದಷ್ಟಕ್ಕೆ ದುಡ್ಡು ಎಂದಾಗ ಊರಿಗಿಂತ ಹೆಚ್ಚು ಹಿಗ್ಗಿದವಳು ನಾನು. ನ್ಯಾಯ ಅಂದರೆ ಇದಪ್ಪ ಎಂದು ಬೀದಿಯೆಲ್ಲ ಹೇಳಿಕೊಂಡು ಬಂದೆ. ಬೀದಿ ನಲ್ಲಿಗಳನ್ನು ಕಿತ್ತುಕೊಂಡು ಹೋದಾಗಲೂ, ಹೋಗಲಿ ಬಿಡಿ, ಬೆಳಗಿನ ಜಗಳ ತಪ್ಪಿತು ಅಂದೆ. ಆಗ ನನ್ನ ಬಾಯಿಗೊಂದು ಬೀಗ ಹಾಕುವವರು ಯಾರೂ ಇರಲಿಲ್ಲ.

ಇವರ ಅಕ್ಕನ ಮನೆಯೂ ಇವರ ಪುಸ್ತಕದಲ್ಲೇ ಇತ್ತು, ಹಿಂದಿನ ಓಣಿಯ ಕೊನೆಯದು. ಎರಡು ಕೋಣೆ, ಅಕ್ಕ ಮತ್ತು ಅವರ ಗಂಡ. ಅಕ್ಕನ ಗಂಡ ಇವರಿಗೆ ಭಾವ, ನನಗೆ ವರಸೆಯಲ್ಲಿ ಅಣ್ಣ. ಮೂವತ್ತು ವರ್ಷ ಊರಿನವರ ಅಂಗಿ ಹೊಲಿದ ದರ್ಜಿ. ಮೆಟ್ಟಿಲಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ನಾಲ್ಕು ವರ್ಷದಿಂದ ಮಲಗಿದಲ್ಲೇ ಎಲ್ಲ. ಸೊಂಟದ ಕೆಳಗಿನ ಯಾವುದೂ ಅವರ ಮಾತು ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ದಿನಕ್ಕೆ ಮೂರು ಸಲ ಹಾಸಿಗೆಯ ಬಟ್ಟೆ ಬದಲಿಸಬೇಕು, ಅಷ್ಟನ್ನೂ ಒಗೆಯಬೇಕು, ಅವರ ಮೈ ಒರೆಸಬೇಕು. ಹಾಗಾಗಿ ಇಬ್ಬರ ಮನೆಯಲ್ಲಿ ಎಂಟು ಜನರ ಮನೆಯಷ್ಟು ನೀರು ಖರ್ಚಾಗುತ್ತಿತ್ತು. ಹೆಚ್ಚು ಬಳಸಿದವರಿಗೆ ದರವೂ ಹೆಚ್ಚು. ತೊಳೆಯುತ್ತಿರುವುದು ಕಾರೋ ಹೊದಿಕೆಯೋ ಎಂದು ಮೀಟರಿಗೆ ಏನು ಗೊತ್ತಾಗುತ್ತದೆ?

ಪ್ರತಿ ತಿಂಗಳೂ ತಮ್ಮ ಬಂದು ಗುಂಡಿಗೆ ಬಗ್ಗಿದಾಗ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಗೇಟಿಗೆ ಬರುತ್ತಿದ್ದರು.

"ಎಷ್ಟಾಯ್ತೋ?"

"ಹದಿನೆಂಟು ಅಕ್ಕ."

ಅಕ್ಕ ತಿರುಗಿ ಒಗೆಯುವ ಕಲ್ಲಿಗೆ ಹೋಗುತ್ತಿದ್ದರು. ಅವತ್ತು ರಾತ್ರಿ ಇವರಿಗೆ ಊಟ ಸೇರುತ್ತಿರಲಿಲ್ಲ.

ರೋಗಿಗಳಿರುವ ಮನೆಗೆ ರಿಯಾಯಿತಿ ಉಂಟೆಂದು ತಿಳಿದು ಇವರೇ ಅರ್ಜಿ ಬರೆದು, ವೈದ್ಯರ ಚೀಟಿ ಸೇರಿಸಿ ಕಚೇರಿಗೆ ಕೊಟ್ಟರು. ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಅಲ್ಲಿಯ ತನಕ ಅಕ್ಕನನ್ನು ಹೇಗಾದರೂ ದಾಟಿಸಬೇಕೆಂದು ಇವರು ಒಂದು ದಾರಿ ಹುಡುಕಿದರು. ಮನೆಯಲ್ಲಿ ಯಾರೂ ಇಲ್ಲದೆ ಗೇಟು ಹಾಕಿದ್ದರೆ ಮೀಟರು ಓದುವವರು ಅಂಕಿಯ ಜಾಗದಲ್ಲಿ 'ಬೀಗ' ಎಂದು ಬರೆಯುತ್ತಾರೆ. ಆ ತಿಂಗಳು ಆ ಮನೆಗೆ ಕನಿಷ್ಠ ಬಿಲ್ಲು, ನಿಜವಾದ ಲೆಕ್ಕ ಆಮೇಲೆ. ಆದರೆ ಮೂರು ತಿಂಗಳು ಒಂದೇ ಸಮನೆ ಬೀಗ ಬಿದ್ದರೆ ಮನೆ ಖಾಲಿ ಬಿದ್ದಿದೆ ಎಂದು ನೀರಿನ ಸಂಪರ್ಕ ಕಡಿಯುತ್ತಾರೆ. ಇದು ಇವರಿಗೆ ಗೊತ್ತಿಲ್ಲದ್ದಲ್ಲ. ಎರಡು ತಿಂಗಳು ಬೀಗ, ಮೂರನೆಯ ತಿಂಗಳು ಅಂಕಿ, ಅಷ್ಟರೊಳಗೆ ರಿಯಾಯಿತಿ ಬಂದಿರುತ್ತದೆ ಎಂದುಕೊಂಡರು. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ, ಅಕ್ಕನಿಗಾಗಿ ಎರಡಕ್ಷರದ ಸುಳ್ಳು ಬರೆದರು.

ವಿಷಯ ಗೊತ್ತಾಗಿ ಅಣ್ಣ ಹಾಸಿಗೆಯಲ್ಲೇ ನಕ್ಕರು. "ಏನಯ್ಯ, ಇಷ್ಟು ದಿನ ಭಾವ ಆಗಿದ್ದೆ, ಈಗ ನಿನ್ನ ಪುಸ್ತಕದಲ್ಲಿ ಬೀಗ ಆಗ್ಬಿಟ್ನಲ್ಲ. ನಿನಗೂ ಮಕ್ಕಳಿಲ್ಲ, ನನಗೂ ಇಲ್ಲ. ಯಾರ ಮದುವೆ ಮಾಡಿ ಬೀಗರಾದ್ವಿ ನಾವು?" ಎಂದರು. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ನಾವು ನಾಲ್ವರೂ ಕೂಡಿ ನಕ್ಕಿದ್ದು ಅದೇ ಕೊನೆ.

ಮೂರನೆಯ ತಿಂಗಳು ಇವರು ಜ್ವರ ಬಂದು ಮಲಗಿದರು. ಬದಲಿಗೆ ಬಂದವನು ಹೊಸಬ. ಪುಸ್ತಕ ತೆರೆದು ನೋಡಿದ್ದಾನೆ, ಕೊನೆಯ ಮನೆಗೆ ಎರಡು ತಿಂಗಳಿಂದ ಬೀಗ. ಅಷ್ಟು ದೂರ ಯಾಕೆ ಕಾಲು ಸವೆಸಬೇಕು ಎಂದು ಓಣಿಯ ಬಾಯಲ್ಲೇ ನಿಂತು ಮೂರನೆಯ ಬೀಗವನ್ನೂ ಬರೆದು ಹೋಗಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ನಂಬಬಾರದ್ದನ್ನು ಅವನೇನೂ ನಂಬಲಿಲ್ಲ, ನಮ್ಮವರ ಕೈಬರಹವನ್ನು ನಂಬಿದ.

ಕಡಿಯುವವರು ಬಂದ ದಿನ ಅಕ್ಕ ಔಷಧಿಗೆ ಹೋಗಿದ್ದರು. ಎದ್ದು ಬಾಗಿಲು ತೆಗೆಯಲಾಗದ ಗಂಡನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು ಅವರ ರೂಢಿ. ಬಂದವರು ಕಾಗದ ನೋಡಿದರು, ಬಾಗಿಲು ನೋಡಿದರು, ಎರಡೂ ಹೊಂದಿದವು. ರಸ್ತೆ ಅಗೆದು ಕೊಳವೆಗೆ ಬಿರಡೆ ಬಡಿದರು. ಅಣ್ಣ ಒಳಗಿನಿಂದ ಕೂಗಿದರಂತೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸುದ್ದಿ ಗೊತ್ತಾದ ಕೂಡಲೇ ಇವರು ಜ್ವರದಲ್ಲೇ ಎದ್ದು ಚಪ್ಪಲಿ ಮೆಟ್ಟಿದರು. "ಹೋಗಿ ಹೇಳಿಬಿಡ್ತೀನಿ ಕಣೆ. ಬೀಗ ಅಂತ ಬರೆದಿದ್ದು ನಾನು, ಮನೆ ಯಾವತ್ತೂ ಖಾಲಿ ಇರಲಿಲ್ಲ ಅಂತ."

ಬಾಗಿಲಿಗೆ ಅಡ್ಡ ನಿಂತವಳು ನಾನು. "ತಲೆ ಕೆಟ್ಟಿದೆಯೇನ್ರೀ? ಸುಳ್ಳು ಬರೆದೆ ಅಂತ ನಿಮ್ಮ ಕೈಯಾರೆ ಒಪ್ಪಿಕೊಂಡ್ರೆ ಮನೆಗೆ ಕಳಿಸ್ತಾರೆ. ಇನ್ನು ಎರಡು ವರ್ಷಕ್ಕೆ ಪಿಂಚಣಿ, ಅದರ ಮೇಲೆ ಕಲ್ಲು ಹಾಕ್ಕೋತೀರಾ?"

"ಅಲ್ಲಿ ನೀರಿಲ್ಲವಲ್ಲೇ."

"ಹೊಸದಾಗಿ ಸಂಪರ್ಕ ಬೇಕು ಅಂತ ಅಕ್ಕನ ಕೈಲಿ ಅರ್ಜಿ ಹಾಕಿಸಿ. ಹದಿನೈದು ದಿನದ ಮಾತು. ನಾವೇ ಹೊತ್ತು ಹಾಕಿದ್ರಾಯ್ತು."

ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ನನ್ನ ಮಾತಿಗೆ ಎದುರಾಡುವುದು ಅವರಿಗೆ ಬಾರದು, ಅದನ್ನು ತಿಳಿದೇ ನಾನು ಆಡಿದೆ.

ಹೊತ್ತೆವು. ಮೊದಲ ಎರಡು ದಿನ ಓಣಿಯವರೆಲ್ಲ ಕೊಟ್ಟರು. ಮೂರನೆಯ ದಿನದಿಂದ ಒಂದೊಂದೇ ಬಾಗಿಲು ನಿಧಾನವಾಗಿ ತೆರೆಯತೊಡಗಿತು. ಅವರೇನು ಕೆಟ್ಟವರಲ್ಲ. ಮೊದಲಾದರೆ ಎರಡು ಕೊಡ ನೀರು ಅಂದರೆ ಬರೀ ಎರಡು ಕೊಡ ನೀರು, ಅಷ್ಟೆ. ಈಗ ಪ್ರತಿ ಕೊಡವೂ ಯಾರದೋ ಗುಂಡಿಯಲ್ಲಿ ಮುಳ್ಳು ತಿರುಗಿಸುತ್ತದೆ. ಅವರ ಮಾತು ಯಾಕೆ, ಆರನೆಯ ದಿನ ಅಕ್ಕ ನಮ್ಮ ಮನೆಗೆ ನಾಲ್ಕನೆಯ ಸಲ ಬಂದಾಗ ನಾನೇ ಕಿಟಕಿಯಿಂದ ನಮ್ಮ ಮೀಟರಿನ ಗುಂಡಿಯತ್ತ ನೋಡಿದೆ. ಒಂದೇ ಒಂದು ಸಲ. ಅಕ್ಕ ಅದನ್ನು ಕಂಡು, ಅರ್ಧ ತುಂಬಿದ ಬಕೆಟ್ಟನ್ನೇ ಎತ್ತಿಕೊಂಡು "ಇಷ್ಟು ಸಾಕಮ್ಮ" ಎಂದು ಹೋದರು.

ಹತ್ತನೆಯ ದಿನ ನಾನು ಹೋದಾಗ ಅಣ್ಣನ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಲೋಟ ಹಿಡಿದು ಬಾಯಿಗೆ ತಂದರೆ ಮುಖ ತಿರುಗಿಸಿದರು.

"ಬೇಡಮ್ಮ. ಒಂದು ಲೋಟ ಕುಡಿದ್ರೆ ಹಾಸಿಗೆ ಒಗೆಯೋಕೆ ಅವಳು ಎರಡು ಕೊಡ ಹೊರಬೇಕು. ನಾನೂ ಲೆಕ್ಕ ಕಲಿತಿದ್ದೀನಿ."

ಅಕ್ಕ ಬಾಗಿಲಲ್ಲಿ ನಿಂತು ಅಳುತ್ತಿದ್ದರು. "ಐದು ದಿನದಿಂದ ಹಿಂಗೇ ಮಾಡ್ತಿದ್ದಾರೆ. ಗುಟುಕು ಗುಟುಕೇ ಅಷ್ಟೆ, ಹೇಳಿದ್ರೆ ಕೇಳಲ್ಲ. ಹಾಸಿಗೆ ಒಣಗೇ ಇದೆ ನೋಡು" ಎಂದರು. ಮೈ ಮುಟ್ಟಿದರೆ ಕೆಂಡ. ನಾನು ಓಡಿ ಬಂದು ಇವರಿಗೆ ಹೇಳಿದೆ. ಇವರು ನನ್ನನ್ನು ಕೇಳದೆ ಕಚೇರಿಗೆ ಹೋದರು.

ಕಚೇರಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಮೇಲಧಿಕಾರಿ ಓದಿ, ಕನ್ನಡಕ ತೆಗೆದಿಟ್ಟು, "ಇದನ್ನ ಹತ್ತು ದಿನದ ಹಿಂದೆ ಹೇಳೋಕೇನಾಗಿತ್ತು ನಿಮಗೆ?" ಎಂದರಂತೆ. ಕೆಲಸಕ್ಕೂ ಪಿಂಚಣಿಗೂ ಏನೂ ಆಗಲಿಲ್ಲ. ಕೈಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಮಧ್ಯಾಹ್ನ ಮೂರಕ್ಕೆ ಆಳುಗಳು ಬಂದು, ಬಿಟ್ಟುಹೋದ ತಿಂಗಳುಗಳ ಲೆಕ್ಕಕ್ಕೆ ಮೀಟರಿನ ಅಂಕಿ ಬರೆದುಕೊಂಡು ಬಿರಡೆ ಕಿತ್ತರು, ಅಕ್ಕನ ಮನೆಯ ನಲ್ಲಿಯಲ್ಲಿ ಧೋ ಎಂದು ನೀರು ಬಂತು. ಅಷ್ಟು ಹೊತ್ತಿಗೆ ಅಣ್ಣ ಆಸ್ಪತ್ರೆಯಲ್ಲಿದ್ದರು. ಮೂತ್ರಪಿಂಡ ಎರಡೂ ಕೆಟ್ಟಿವೆ, ನಂಜು ರಕ್ತಕ್ಕೆ ಏರಿದೆ ಎಂದರು ವೈದ್ಯರು. ನಾಲ್ಕು ದಿನ ಇದ್ದರು, ಆಮೇಲೆ ಇರಲಿಲ್ಲ.

ತಿರುವಿನ ದೊಡ್ಡ ಮನೆಯವರು ಇವತ್ತಿಗೂ ಕಾರು ತೊಳೆಯುತ್ತಾರೆ, ಹೆಚ್ಚಿನ ದರ ಕೊಡುತ್ತಾರೆ, ಅವರಿಗೆ ಅದು ತಟ್ಟುವುದೇ ಇಲ್ಲ. ರಿಯಾಯಿತಿಯ ಅರ್ಜಿ ಯಾವ ಮೇಜಿನ ಮೇಲಿದೆಯೋ ನಾವು ವಿಚಾರಿಸಲಿಲ್ಲ.

ಮುಂದಿನ ತಿಂಗಳು ಓದುವ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಇವರು ಬಂದು ಕೊಕ್ಕೆ ಹಾಕಿ ಮುಚ್ಚಳ ಎತ್ತಿದರು, ಮಂಡಿಯೂರಿ ಗಾಜು ಒರೆಸಿದರು, ಹಿಂದಿನ ಅಂಕಿಯ ಪಕ್ಕ ಹೊಸ ಅಂಕಿ ಬರೆದು ಕಳೆದರು. ಕಳೆದವರು ಮತ್ತೆ ಗಾಜು ಒರೆಸಿದರು. ಅಕ್ಕ ಗೇಟಿಗೆ ಬಂದು ನಿಂತರು, ಕೈ ಒಣಗಿಯೇ ಇತ್ತು.

"ಎಷ್ಟಾಯ್ತೋ?"

ಇವರು ತಲೆ ಎತ್ತಲಿಲ್ಲ. "ಎರಡು ಅಕ್ಕ."

ನಾನು ಹೋಗಿ ಕೈ ಕೊಟ್ಟೆ. ಅವತ್ತು ಇವರು ಏಳಲೇ ಇಲ್ಲ, ನನ್ನ ಕೈ ಹಿಡಿದುಕೊಂಡು ಅಲ್ಲೇ ಬಗ್ಗಿ ಕೂತಿದ್ದರು. ಅಕ್ಕ ತಮ್ಮನ ತಲೆ ಮುಟ್ಟಿದರು.

"ಏಳೋ. ಅಷ್ಟೇ ಬರಿ. ಇನ್ಮೇಲೆ ಅಷ್ಟೇ ಬರೋದು."